ಮೂರು ನಿಮಿಷ ತಡವಾಗಿ ಎದ್ದ ಜನರೇಟರ್

ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ. ಇದು ನನ್ನ ನೆನಪಿನ ಅಂದಾಜಲ್ಲ. ನಮ್ಮ ಸರ್ವರ್‌ಗಳನ್ನು ಕಾಯುವ ತಂತ್ರಾಂಶ ತಾನೇ ಬರೆದಿಟ್ಟ ಹೊತ್ತು. ಪರದೆಯ ಮೇಲೆ ಒಂದು ಕೆಂಪು ಸಾಲು ಬಂತು: ಬೇಸ್‌ಮೆಂಟಿನ ನೆಟ್‌ವರ್ಕ್ ಪೆಟ್ಟಿಗೆ ಉತ್ತರ ಕೊಡುತ್ತಿಲ್ಲ. ಆ ಪೆಟ್ಟಿಗೆ ಹಳೆಯದು. ತಿಂಗಳಿಗೆ ಒಂದೆರಡು ಸಲ ಹೀಗೆ ಮುನಿಸಿಕೊಂಡು ತಾನೇ ಸರಿಹೋಗುತ್ತಿತ್ತು. ನಾನು ಆ ಸಾಲಿನ ಮುಂದೆ 'ಗೊತ್ತಿರುವ ತೊಂದರೆ' ಎಂದು ಗುರುತು ಹಾಕಿದೆ. ಕೆಂಪು ಹಳದಿಯಾಯಿತು. ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ಹೋದೆ. ಹೊರಗೆ ಒಳ್ಳೆಯ ಬಿಸಿಲಿತ್ತು.

ಪೆಟ್ಟಿಗೆ ಗೋಡೆಯ ಮೇಲೆ ಮೊಣಕಾಲಿನ ಎತ್ತರದಲ್ಲಿತ್ತು. ಅದು ಸುಮ್ಮನಾಗಿದೆ ಎಂದರೆ ನೀರು ಮೊಣಕಾಲಿನವರೆಗೆ ಬಂದಿದೆ ಎಂದರ್ಥ. ಇಷ್ಟು ಸಣ್ಣ ವಿಷಯ. ನನಗೆ ಹೊಳೆಯಲಿಲ್ಲ. ಬಿಸಿಲಿದ್ದಾಗ ಯಾರಿಗೆ ನೀರಿನ ಯೋಚನೆ ಬರುತ್ತದೆ?

ನಾನು ಇಪ್ಪತ್ತಾರು ವರ್ಷ ಒಂದೇ ಕಂಪನಿಯಲ್ಲಿ ಸರ್ವರ್ ನೋಡಿಕೊಂಡೆ. ಔಷಧದ ಸಗಟು ವಿತರಣೆ ನಮ್ಮ ವ್ಯವಹಾರ. ಯಲಹಂಕದಿಂದ ಯಶವಂತಪುರದವರೆಗೆ ಮೆಡಿಕಲ್ ಅಂಗಡಿಗಳು ಬೆಳಿಗ್ಗೆ ಆರ್ಡರ್ ಹಾಕಿದರೆ ಮಧ್ಯಾಹ್ನಕ್ಕೆ ನಮ್ಮ ಗಾಡಿ ಹೋಗಬೇಕು. ಸರ್ವರ್ ನಿಂತರೆ ಬಿಲ್ ಇಲ್ಲ, ಬಿಲ್ ಇಲ್ಲದೆ ಗಾಡಿ ಇಲ್ಲ. ಈಗ ನಿವೃತ್ತಳಾಗಿದ್ದೇನೆ. ಹೊಸದಾಗಿ ಸೇರಿದವರಿಗೆ ಅನುಭವ ಬರೆದುಕೊಡಿ ಎಂದು ನನ್ನ ಕುರ್ಚಿಗೆ ಬಂದವರು ಕೇಳಿದ್ದಾರೆ. ನಾಲ್ಕು ಸಲ ಕೂತೆ. ಎಲ್ಲಿಂದ ಶುರು ಮಾಡಿದರೂ ಹತ್ತು ಹದಿನೇಳಕ್ಕೇ ಬಂದು ನಿಲ್ಲುತ್ತೇನೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡಿದ್ದೇನೆ. ಸ್ವಲ್ಪ ಹಿಂದೆ ಹೋಗಿ, ಮತ್ತೆ ಅಲ್ಲಿಗೆ ಬರುತ್ತೇನೆ.

ನನಗೆ ಕೆಲಸ ಕಲಿಸಿದವರು ಅನಂತರಾಮ್ ಸರ್. ಎಲೆಕ್ಟ್ರಾನಿಕ್ಸ್ ಬಿಎಸ್ಸಿ ಮುಗಿಸಿ ಸೇರಿದಾಗ ಕಂಪನಿಯಲ್ಲಿ ಇದ್ದದ್ದು ಒಂದೇ ಸರ್ವರ್. ಫ್ರಿಜ್ಜಿನಷ್ಟು ದೊಡ್ಡದು, ಹಿಟ್ಟಿನ ಗಿರಣಿಯಂತೆ ಸದ್ದು. ಸರ್ ಕೋಣೆಯ ಬಾಗಿಲಲ್ಲಿ ನಿಂತು ಒಂದು ಕ್ಷಣ ಕಿವಿಗೊಟ್ಟು, "ಎರಡನೇ ಫ್ಯಾನ್ ಸಾಯ್ತಾ ಇದೆ ನೋಡಮ್ಮ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹೌದು. ಅವರದ್ದು ಒಂದೇ ಕಟ್ಟುನಿಟ್ಟು: ಕೈ ಹಾಕಿದ್ದನ್ನೆಲ್ಲ ಬರೆಯಬೇಕು. ಉದ್ದ ನೋಟ್‌ಪುಸ್ತಕ, ಕೆಂಪು ಅಂಚು, ತಾರೀಕು, ಏನು ಬದಲಾಯಿಸಿದೆ, ಯಾಕೆ, ಕೆಳಗೆ ಸಹಿ. ಒಂದು ತಿರುಪು ಬಿಗಿ ಮಾಡಿದರೂ ಬರೆಯಬೇಕು.

"ಸರ್, ಇದನ್ನೂ ಬರೀಬೇಕಾ?" ಎಂದರೆ, "ನಾಳೆ ನಿಂಗೇ ನೆನಪಿರಲ್ಲ ಕಣಮ್ಮ. ನಿನ್ನ ಕೈಬರಹ ನಿಂಗೆ ಬೈಬೇಕು" ಎನ್ನುತ್ತಿದ್ದರು. ಆಗ ನಗು ಬರುತ್ತಿತ್ತು.

ತಪ್ಪುಗಳು ಎಲ್ಲರಿಂದಲೂ ಆಗುತ್ತವೆ. ನನ್ನ ಮೊದಲ ದೊಡ್ಡ ತಪ್ಪು ಸೇರಿದ ಮೂರನೇ ವರ್ಷದ್ದು. ಪರದೆಯ ಮೇಲೆ ಎರಡು ಕಪ್ಪು ಕಿಟಕಿ ತೆರೆದಿಟ್ಟುಕೊಂಡಿದ್ದೆ. ಒಂದು ಪ್ರಯೋಗದ ಸರ್ವರಿನದು, ಇನ್ನೊಂದು ನಿಜವಾದದ್ದರದು. ಪ್ರಯೋಗದ್ದನ್ನು ಆಫ್ ಮಾಡಲು ಹೋಗಿ ನಿಜವಾದದ್ದನ್ನು ಆರಿಸಿಬಿಟ್ಟೆ. ಯಶವಂತಪುರದ ಗೋದಾಮಿನಲ್ಲಿ ಬಿಲ್ ನಿಂತು, ಗಾಡಿಗಳು ರಸ್ತೆಯವರೆಗೆ ಸಾಲುಗಟ್ಟಿ, ಡ್ರೈವರ್‌ಗಳು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು. ಅನಂತರಾಮ್ ಸರ್ ಮಾತ್ರ ಬೈಯಲಿಲ್ಲ. ನೋಟ್‌ಪುಸ್ತಕ ಮುಂದೆ ತಳ್ಳಿದರು. "ಬರಿ. 'ನಾನು ಆರಿಸಿದೆ' ಅಂತ ಬರಿ. 'ಆರಿಹೋಯಿತು' ಅಂತ ಬರೀಬೇಡ." ಬರೆದೆ. ಅವತ್ತಿನಿಂದ ಎರಡು ಕಿಟಕಿಗೆ ಎರಡು ಬಣ್ಣ ಇಟ್ಟುಕೊಂಡೆ. ಇವತ್ತಿಗೂ ಹಾಗೇ ಮಾಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಆ ಅವಮಾನ ನನ್ನನ್ನು ಬೇರೊಂದು ದಾರಿಗೆ ತಳ್ಳಿತು. ಇನ್ನು ಮುಂದೆ ನನ್ನ ಸರ್ವರ್ ನಿಲ್ಲಬಾರದು. ಇದೇ ಹಠವಾಯಿತು. ಕಂಪನಿ ಅಮೃತಹಳ್ಳಿಯ ಹೊಸ ಕಟ್ಟಡಕ್ಕೆ ಬಂದಾಗ ಕರೆಂಟ್ ವ್ಯವಸ್ಥೆಯನ್ನು ಎಲೆಕ್ಟ್ರಿಷಿಯನ್ ಇಮ್ತಿಯಾಜ್ ಜೊತೆ ಕೂತು ನಾನೇ ಯೋಜಿಸಿದೆ. ಸರ್ವರ್ ಕೋಣೆ ಮೊದಲ ಮಹಡಿಯಲ್ಲಿ, ಪಕ್ಕದಲ್ಲೇ ಬ್ಯಾಟರಿಯ ಯುಪಿಎಸ್. ಬೇಸ್‌ಮೆಂಟಿನಲ್ಲಿ ಔಷಧದ ಗೋದಾಮು. ಕಟ್ಟಡದ ಹಿಂದೆ ಕಟ್ಟೆಯ ಮೇಲೆ ಜನರೇಟರ್. ಕರೆಂಟ್ ಹೋದರೆ ಯುಪಿಎಸ್ ಹಿಡಿದುಕೊಳ್ಳಬೇಕು, ಜನರೇಟರ್ ಯಾರೂ ಮುಟ್ಟದೆ ತಾನೇ ಎದ್ದು ಇಡೀ ಕಟ್ಟಡಕ್ಕೆ ಕರೆಂಟ್ ಕೊಡಬೇಕು. ಒಮ್ಮೆ ಕಾವಲಿನವನು ಬೀಡಿ ಹಚ್ಚಲು ಗಾಳಿಗೆ ಮರೆಯಾಗಿ ಜನರೇಟರಿಗೆ ಒರಗಿ, ನಿಲ್ಲಿಸುವ ಕೆಂಪು ಗುಂಡಿಯನ್ನು ಬೆನ್ನಿನಿಂದಲೇ ಒತ್ತಿಬಿಟ್ಟ. ಮರುದಿನವೇ ಆ ಗುಂಡಿಗೆ ಕಬ್ಬಿಣದ ಜಾಲರಿ ಹಾಕಿಸಿ, ಬೀಗ ಜಡಿಸಿ, ಕೀಲಿಯನ್ನು ಮೊದಲ ಮಹಡಿಯ ನನ್ನ ಡ್ರಾಯರಿನಲ್ಲಿಟ್ಟೆ.

ಇಮ್ತಿಯಾಜ್ ಆರ್.ಟಿ. ನಗರದವನು. ನನಗಿಂತ ಹದಿನೈದು ವರ್ಷ ಚಿಕ್ಕವನು. ಎಷ್ಟು ಸಲ "ಆಫ್ ಮಾಡಿದ್ದೀನಿ" ಎಂದರೂ ಜೇಬಿನಿಂದ ಟೆಸ್ಟರ್ ತೆಗೆದು ತಂತಿಗೆ ಮುಟ್ಟಿಸಿ ನೋಡದೆ ಕೈಯಿಡುವ ಮನುಷ್ಯನಲ್ಲ.

"ಏನ್ರೀ ಇಮ್ತಿಯಾಜ್, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ನಿಮ್ ಮೇಲೆ ಫುಲ್ ನಂಬಿಕೆ ಇದೆ ಮೇಡಂ. ತಂತಿ ಮೇಲೆ ಇಲ್ಲ."

ಇದು ನಮ್ಮಿಬ್ಬರ ನಡುವೆ ಹನ್ನೆರಡು ವರ್ಷ ನಡೆದ ತಮಾಷೆ.

ಕಟ್ಟಡದ ಮಾಲೀಕರು ಮುನಿಶಾಮಣ್ಣ. ಆ ಊರಿನ ಹಳೆಯ ಒಕ್ಕಲು ಮನೆತನ. ಈಗ ಬೇಸಾಯವಿಲ್ಲ, ಮೂರು ಕಟ್ಟಡಗಳ ಬಾಡಿಗೆ ಇದೆ. ಅವರ ಮನೆ ನಮ್ಮ ಜನರೇಟರಿನ ಗೋಡೆಗೆ ಅಂಟಿಕೊಂಡೇ ಇತ್ತು. ಆಗೆಲ್ಲ ಅಲ್ಲಿ ಕರೆಂಟ್ ಅರ್ಧ ನಿಮಿಷ ಹೋಗಿ ಬರುವುದು ದಿನಕ್ಕೆ ಎಂಟು ಹತ್ತು ಸಲ. ಪ್ರತಿ ಸಲವೂ ಜನರೇಟರ್ ಹತ್ತು ಸೆಕೆಂಡಿಗೇ ಎದ್ದು, ಕಪ್ಪು ಹೊಗೆ ಉಗುಳಿ, ಅಷ್ಟರಲ್ಲಿ ಕರೆಂಟ್ ಬಂದು, ಮತ್ತೆ ಮಲಗುತ್ತಿತ್ತು.

ಒಂದು ದಿನ ಮುನಿಶಾಮಣ್ಣ ಪಂಚೆ ಮೇಲೆತ್ತಿ ಕಟ್ಟಿಕೊಂಡು ಮಹಡಿ ಹತ್ತಿ ಬಂದರು. "ಏನ್ ಶೈಲಮ್ಮ, ನಿನ್ ಮಿಷಿನ್ನು ಇವತ್ತು ಒಂಬತ್ತು ಸಲ ಕೆಮ್ತು. ಅದು ಕೆಮ್ಮಿದ್ ಮ್ಯಾಕೆ ನಮ್ಮವ್ವ ಕೆಮ್ತಾಳೆ. ಇಬ್ರಿಗೂ ಒಂದೇ ಔಸ್ದಿ ಕೊಡ್ಸು, ಎಂಗೂ ನಿಮ್ದು ಔಸ್ದಿ ಕಂಪ್ನಿ."

ನಕ್ಕೆ. ಆದರೆ ಅವರ ತಾಯಿಗೆ ತೊಂಬತ್ತರ ಹತ್ತಿರ ವಯಸ್ಸು. ಯೋಚಿಸಿದೆ. ಅರ್ಧ ನಿಮಿಷದ ಕತ್ತಲೆಗೆ ಜನರೇಟರ್ ಯಾಕೆ ಏಳಬೇಕು? ಯುಪಿಎಸ್ ಅರ್ಧ ಗಂಟೆ ಹಿಡಿಯುತ್ತದೆ. ಜನರೇಟರಿನ ಪ್ಯಾನೆಲ್ ತೆರೆದು, ಕರೆಂಟ್ ಹೋದ ಎಷ್ಟು ಹೊತ್ತಿಗೆ ಏಳಬೇಕು ಎನ್ನುವ ಜಾಗದಲ್ಲಿ ಹತ್ತು ಸೆಕೆಂಡ್ ಇದ್ದದ್ದನ್ನು ಮೂರು ನಿಮಿಷ ಮಾಡಿದೆ. ಅವತ್ತು ಇಮ್ತಿಯಾಜ್ ಊರಲ್ಲಿರಲಿಲ್ಲ. ಒಬ್ಬಳೇ ಮಾಡಿದೆ. ಹೊಗೆ ನಿಂತಿತು. ಡೀಸೆಲ್ ಉಳಿಯಿತೆಂದು ಮ್ಯಾನೇಜರ್ ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿಸಿದರು. ಮುನಿಶಾಮಣ್ಣ ಒಂದು ಚೀಲ ಅವರೆಕಾಯಿ ಕಳಿಸಿದರು. ನೋಟ್‌ಪುಸ್ತಕದಲ್ಲಿ ಬರೆದೆ, ಸಹಿ ಹಾಕಿದೆ. ಆಮೇಲೆ ಮರೆತೆ.

ಅನಂತರಾಮ್ ಸರ್ ನಿವೃತ್ತರಾದರು. ನೋಟ್‌ಪುಸ್ತಕಗಳೂ ಹೋದವು. ಎಲ್ಲ ಬದಲಾವಣೆಯನ್ನೂ ಕಂಪ್ಯೂಟರಿನಲ್ಲೇ ಟಿಕೆಟ್ ಎಂದು ದಾಖಲಿಸುವ ಪದ್ಧತಿ ಬಂತು. ಒಳ್ಳೆಯ ಪದ್ಧತಿಯೇ, ಬೇಕಾದದ್ದು ಕ್ಷಣದಲ್ಲಿ ಸಿಗುತ್ತದೆ. ಹಳೆಯ ಪುಸ್ತಕಗಳಿಂದ ಸರ್ವರ್‌ಗೆ ಸೇರಿದ್ದನ್ನೆಲ್ಲ ಅದಕ್ಕೆ ಏರಿಸಿದೆವು. ಜನರೇಟರ್ ಐಟಿ ವಿಭಾಗದ್ದಲ್ಲ, ಕಟ್ಟಡದ್ದು. ಅದಕ್ಕೆ ಅಲ್ಲಿ ಕಾಲಂ ಇರಲಿಲ್ಲ. ಬಿಟ್ಟೆವು. ಪುಸ್ತಕಗಳು ಬೀರುವಿನ ತಳಕ್ಕೆ ಹೋದವು. ಕರೆಂಟಿನ ಸಣ್ಣ ಕಡಿತಗಳಿಗೆಲ್ಲ ಆಗ ಜನರೇಟರ್ ಸುಮ್ಮನೇ ಇರುತ್ತಿತ್ತು. ಊರಿನ ಕರೆಂಟ್ ಸುಧಾರಿಸಿದ ಮೇಲಂತೂ ಅದು ಏಳುವುದೇ ಅಪರೂಪವಾಯಿತು. ಎದ್ದಾಗಲೂ ನಾನು ಮಹಡಿಯ ಮೇಲೆ, ಎಸಿಯ ಸದ್ದಿನಲ್ಲಿ. ಎಷ್ಟು ಹೊತ್ತಿಗೆ ಎದ್ದಿತು ಎಂದು ಯಾರು ಎಣಿಸುತ್ತಾರೆ?

ಈಗ ಮತ್ತೆ ಆ ಬೆಳಿಗ್ಗೆಗೆ ಬರುತ್ತೇನೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಓಡಾಡಿ ಬಂದೆ.

ಹಿಂದಿನ ರಾತ್ರಿ ಯಲಹಂಕದ ಕಡೆ ಜೋರು ಮಳೆಯಾಗಿತ್ತು. ಬೆಳಿಗ್ಗೆ ನಿಂತಿತ್ತು. ಹತ್ತೂವರೆ ಹೊತ್ತಿಗೆ ಕೆಳಗಿನಿಂದ ಮುನಿಶಾಮಣ್ಣನವರ ಕೂಗು ಕೇಳಿಸಿತು. "ಶೈಲಮ್ಮ! ಏಯ್ ಶೈಲಮ್ಮ! ಮ್ಯಾಲ್ನ ಕೆರೆ ಕೋಡಿ ಬಿದ್ದೈತೆ! ನಿನ್ ಗೋದಾಮ್ನಾಗೆ ನೀರು!"

ಓಡಿ ಇಳಿದೆ. ಬೇಸ್‌ಮೆಂಟಿಗೆ ಗಾಡಿ ಇಳಿಯುವ ಇಳಿಜಾರಿನಲ್ಲಿ ಕಂದು ನೀರು, ಸದ್ದೇ ಇಲ್ಲದೆ, ಎಣ್ಣೆಯಂತೆ ಜಾರಿ ಒಳಗೆ ಹೋಗುತ್ತಿತ್ತು. ಮೇಲೆ ಬಿಸಿಲು ಹೊಳೆಯುತ್ತಿತ್ತು. ಒಳಗೆ ಔಷಧದ ರಟ್ಟಿನ ಪೆಟ್ಟಿಗೆಗಳು ತೇಲತೊಡಗಿದ್ದವು.

"ರಾತ್ರಿ ಮಳೆ ಬೆಳಿಗ್ಗೆ ಬತ್ತದೆ ಇಲ್ಲಿಗೆ," ಎಂದರು ಮುನಿಶಾಮಣ್ಣ. "ಇದು ಗದ್ದೆ ಬಯ್ಲು ಕಣಮ್ಮ. ನಮ್ಮಪ್ಪ ಇಲ್ಲೇ ನಾಟಿ ಆಕ್ತಿದ್ದ."

"ಇದನ್ನ ಬೇಸ್‌ಮೆಂಟ್ ಬಾಡಿಗೆಗೆ ಕೊಡೋವಾಗ ಹೇಳ್ಬೇಕಿತ್ತಲ್ಲ ಅಣ್ಣ!"

"ಯಾರ್ ಕೇಳಿದ್ರು?" ಎಂದರು ಅವರು. ಅವರ ಮುಖ ಸಣ್ಣಗಾಗಿತ್ತು.

ಬೇಸ್‌ಮೆಂಟಿನ ಮೂಲೆಯ ಗುಂಡಿಯಲ್ಲಿ ನೀರೆತ್ತುವ ಪಂಪ್ ಇತ್ತು. ಅದು ಓಡುತ್ತಿತ್ತು, ಆದರೆ ನೀರು ಹೊರಗೆ ಬರುತ್ತಿರಲಿಲ್ಲ. ಫೋನ್ ಮಾಡಿದ ಇಪ್ಪತ್ತು ನಿಮಿಷಕ್ಕೆ ಇಮ್ತಿಯಾಜ್ ಸ್ಕೂಟರಿನಲ್ಲಿ ಬಂದ. ನೋಡಿದೊಡನೆ, "ಬಾಯಿಗೆ ಪ್ಲಾಸ್ಟಿಕ್ ಕಟ್ಕೊಂಡಿದೆ ಮೇಡಂ. ಇಳಿದು ಕಿತ್ತು ಬಂದ್ರೆ ಐದು ನಿಮಿಷದ್ ಕೆಲ್ಸ. ಕರೆಂಟ್ ತೆಗೀಬೇಕು" ಎಂದ.

ಬೇಸ್‌ಮೆಂಟಿನ ಸ್ವಿಚ್ ಬೋರ್ಡು ಬೇಸ್‌ಮೆಂಟಿನಲ್ಲೇ, ನೀರಿನ ಆಚೆ. ಹಾಗಾಗಿ ಇಡೀ ಕಟ್ಟಡದ ಮೇನ್ ಅನ್ನೇ ತೆಗೆಯಬೇಕಿತ್ತು. ಅಷ್ಟರಲ್ಲಿ ಮ್ಯಾನೇಜರ್ ದಿನೇಶ್ ಸರ್ ಫೋನ್. "ಶೈಲಜಾ, ಏನ್ ಬೇಕಾದ್ರೂ ಮಾಡಿ, ಸರ್ವರ್ ಮಾತ್ರ ಆಫ್ ಆಗ್ಬಾರ್ದು. ಯಶವಂತಪುರದಲ್ಲಿ ಎಲ್ಲಾ ಗಾಡಿ ಲೋಡ್ ಆಗ್ತಿದೆ."

"ಆಗಲ್ಲ ಸರ್," ಎಂದೆ. ಎಂಥ ಹೆಮ್ಮೆಯಿಂದ ಎಂದೆ! ಮೇನ್ ತೆಗೆದರೂ ನನ್ನ ಸರ್ವರ್ ನಿಲ್ಲುವುದಿಲ್ಲ. ನಾನು ಕಟ್ಟಿದ ವ್ಯವಸ್ಥೆ ಅದು.

ಕಾಂಪೌಂಡಿನ ಗೋಡೆಯಲ್ಲಿದ್ದ ಮೇನ್ ಹಿಡಿಯನ್ನು ನಾನೇ ಕೆಳಗೆಳೆದೆ. ಕಟ್ಟಡದ ದೀಪಗಳು ಆರಿದವು. ಪಂಪಿನ ಗುನುಗು ನಿಂತಿತು. ಇಮ್ತಿಯಾಜ್ ಪ್ಯಾಂಟ್ ಮಡಚಿ, ಚಪ್ಪಲಿ ಬಿಟ್ಟು, ಇಳಿಜಾರಿನ ಗೋಡೆಯ ಮೇಲಿದ್ದ ದೀಪದ ತಂತಿಗೆ ಟೆಸ್ಟರ್ ಮುಟ್ಟಿಸಿದ. ಹತ್ತಲಿಲ್ಲ. ಇನ್ನೊಂದು ತಂತಿಗೆ ಮುಟ್ಟಿಸಿದ. ಹತ್ತಲಿಲ್ಲ. ಆಮೇಲೆ ತಿರುಗಿ ಕೇಳಿದ.

"ಜನರೇಟರ್?"

ನಾನು ಕಟ್ಟಡದ ಹಿಂಭಾಗಕ್ಕೆ ಕಿವಿಗೊಟ್ಟೆ. ನಿಶ್ಶಬ್ದ. ಮೇನ್ ತೆಗೆದು ಒಂದು ನಿಮಿಷವಾದರೂ ಆಗಿತ್ತು. ಇದೊಂದು ಕೆಟ್ಟಿತಲ್ಲ, ಸಂಜೆ ಜನರೇಟರ್ ಕಂಪನಿಯವರಿಗೆ ಫೋನ್ ಮಾಡಬೇಕು ಎಂದು ನನಗೆ ಸಿಟ್ಟು ಬಂತು. ಬಂದದ್ದು ಸಿಟ್ಟು. ಭಯವಲ್ಲ.

"ಅದು ಬರ್ಬೇಕಿದ್ರೆ ಇಷ್ಟೊತ್ತಿಗೆ ಬಂದಿರ್ತಿತ್ತು. ಇಳೀರಿ," ಎಂದೆ.

ಈ ಮಾತನ್ನು ನಾನು ಎಷ್ಟು ಸಾವಿರ ಸಲ ಕೇಳಿಸಿಕೊಂಡಿದ್ದೇನೋ. ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಮಾತಿನ ನಡುವೆ. ನನ್ನದೇ ದನಿ, ಸ್ವಲ್ಪ ಅವಸರ, ಸ್ವಲ್ಪ ಬೇಸರ. ಜನರೇಟರ್ ಹತ್ತು ಸೆಕೆಂಡಿಗೆ ಏಳುತ್ತದೆ ಎಂದೇ ನನ್ನ ತಲೆಯಲ್ಲಿತ್ತು. ಅದನ್ನು ಬದಲಾಯಿಸಿದವಳು ನಾನೇ.

ಇಮ್ತಿಯಾಜ್ ಇಳಿದ. ತೊಡೆಯವರೆಗೆ ನೀರು. ತೇಲುವ ಪೆಟ್ಟಿಗೆಗಳನ್ನು ಪಕ್ಕಕ್ಕೆ ತಳ್ಳುತ್ತ, "ಮೇಡಂ, ಕೆಮ್ಮಿನ ಸಿರಪ್ಪೆಲ್ಲ ಈಜಾಡ್ತಾ ಇದೆ!" ಎಂದು ಕೂಗಿ ನಕ್ಕ. ಕತ್ತಲೆಯ ಮೂಲೆಗೆ ಹೋದ. ಬಗ್ಗಿ ಪಂಪಿಗೆ ಕೈ ಹಾಕಿದ್ದು ಮಸುಕಾಗಿ ಕಾಣಿಸಿತು. "ಸಿಕ್ತು, ಸಿಕ್ತು. ಒಂದು ಇಡೀ ಟಾರ್ಪಾಲ್ ಇದೆ."

ಆಗ ಕಟ್ಟಡದ ಹಿಂದೆ ಜನರೇಟರ್ ಒಮ್ಮೆ ಕೆಮ್ಮಿತು.

ಆ ಒಂದು ಕೆಮ್ಮಿಗೂ ಅದು ಪೂರ್ತಿ ಎದ್ದು ಕರೆಂಟ್ ಕೊಡುವುದಕ್ಕೂ ನಡುವೆ ಕೆಲವು ಸೆಕೆಂಡು ಇರುತ್ತದೆ. ಆ ಸೆಕೆಂಡುಗಳಲ್ಲಿ "ಕೈ ಬಿಡು, ಮೇಲೆ ಬಾ" ಎಂದು ಕೂಗಬೇಕಿತ್ತು. ಕೂಗಲಿಲ್ಲ. ನಾನು ಓಡಿದೆ. ಎಲ್ಲಿಗೆ? ಮಹಡಿಯ ಮೇಲಕ್ಕೆ. ಕೀಲಿಗೆ. ನಿಲ್ಲಿಸುವ ಗುಂಡಿ ಜಾಲರಿಯೊಳಗೆ, ಜಾಲರಿಗೆ ಬೀಗ, ಬೀಗದ ಕೀಲಿ ಡ್ರಾಯರಿನಲ್ಲಿ. ಇಪ್ಪತ್ತಾರು ವರ್ಷ ಕ್ರಮ ಪ್ರಕಾರ ಕೆಲಸ ಮಾಡಿದ ತಲೆ, ಒಬ್ಬ ಮನುಷ್ಯ ನೀರಿನಲ್ಲಿರುವಾಗಲೂ ಕ್ರಮದ ಹಿಂದೆಯೇ ಓಡಿತು. ಮೆಟ್ಟಿಲ ತಿರುವಿನಲ್ಲಿದ್ದಾಗ ದೀಪಗಳು ಹತ್ತಿಕೊಂಡವು. ಕೆಳಗಿನಿಂದ ಇಮ್ತಿಯಾಜನ ದನಿ ಬಂತು. ಒಂದೇ ಶಬ್ದ, ಅರ್ಧಕ್ಕೆ ನಿಂತದ್ದು.

ಡ್ರಾಯರ್ ಎಳೆದೆ. ಕೀಲಿಗೊಂಚಲಿಗೆ ನಾನೇ ಚೀಟಿ ಅಂಟಿಸಿದ್ದೆ. ಹಿಡಿದು ತಿರುಗಿದೆ. ಅಷ್ಟರಲ್ಲಿ ದೀಪಗಳು ಮತ್ತೆ ಆರಿದವು.

ಇಳಿದು ಬಂದಾಗ ಮುನಿಶಾಮಣ್ಣ ಜನರೇಟರಿನ ಕಟ್ಟೆಯ ಮೇಲೆ ನಿಂತಿದ್ದರು. ಕೈಯಲ್ಲಿ ಗೋಡೆ ಕಟ್ಟುವ ಒಂದು ಸೈಜು ಕಲ್ಲು, ಕಾಲ ಬಳಿ ಮುರಿದ ಜಾಲರಿ, ಅಂಗೈಯೆಲ್ಲ ರಕ್ತ. "ನಿಂತೈತೆ! ಇಳೀರ್ಲಾ, ನಿಂತೈತೆ!" ಎಂದು ಅರಚುತ್ತಿದ್ದರು. ಲೋಡಿಂಗ್ ಕೆಲಸದವರಿಬ್ಬರು ನೀರಿಗೆ ಹಾರಿ ಇಮ್ತಿಯಾಜನನ್ನು ಹೊತ್ತು ತಂದು ಬಿಸಿಲಲ್ಲಿ ಮಲಗಿಸಿದರು. ತುಟಿ ನೀಲಿಯಾಗಿತ್ತು. ಬಲಗೈ ಮುಷ್ಟಿ ಬಿಗಿದು, ಒಳಗೆ ನೀಲಿ ಟಾರ್ಪಾಲಿನ ಚೂರು. ಉಸಿರಾಟ ಇತ್ತು. ಇದೆ, ಇದೆ ಎಂದು ಯಾರೋ ಹೇಳುತ್ತಿದ್ದರು. ಹೇಳುತ್ತಿದ್ದದ್ದು ನಾನೇ ಎಂದು ಆಮೇಲೆ ಮುನಿಶಾಮಣ್ಣ ಹೇಳಿದರು.

ಕೀಲಿ ನನ್ನ ಕೈಯಲ್ಲೇ ಇತ್ತು. ಮೊದಲ ಮಹಡಿಯಲ್ಲಿ ಸರ್ವರ್ ಓಡುತ್ತಿತ್ತು. ಒಂದು ಕ್ಷಣವೂ ನಿಂತಿರಲಿಲ್ಲ.

ಇಮ್ತಿಯಾಜ್ ಬದುಕಿದ. ಆಸ್ಪತ್ರೆಯಲ್ಲಿ ಒಂಬತ್ತು ದಿನವಿದ್ದ. ಬಲಗೈಯ ಎರಡು ಬೆರಳಿಗೆ ಸ್ಪರ್ಶ ಬರಲಿಲ್ಲ. ನಾನು ಆಫೀಸಿಗೆ ಮರಳಿ, ಬೀರುವಿನ ತಳದಿಂದ ನೋಟ್‌ಪುಸ್ತಕಗಳನ್ನು ಎಳೆದು, ನೆಲದ ಮೇಲೆ ಕೂತು ಪುಟ ತಿರುಗಿಸಿದೆ. ಸಿಕ್ಕಿತು. ನನ್ನ ಕೈಬರಹ: 'ಜನರೇಟರ್ ಏಳುವ ಸಮಯ ಹತ್ತು ಸೆಕೆಂಡಿನಿಂದ ಮೂರು ನಿಮಿಷಕ್ಕೆ ಬದಲಾಯಿಸಿದೆ. ಕಾರಣ, ಹೊಗೆ. ಶೈಲಜಾ.' ಅನಂತರಾಮ್ ಸರ್ ಹೇಳಿದ್ದು ನಿಜ. ನನ್ನ ಕೈಬರಹ ನನಗೆ ಬೈಯಿತು.

ಒಂದು ವಾರಕ್ಕೆ ದಿನೇಶ್ ಸರ್ ಒಳಗೆ ಕರೆದು ವರದಿಯ ಕರಡು ಮುಂದಿಟ್ಟರು. 'ಗುತ್ತಿಗೆ ಎಲೆಕ್ಟ್ರಿಷಿಯನ್ ಅನುಮತಿ ಪಡೆಯದೆ ಬೇಸ್‌ಮೆಂಟಿಗೆ ಇಳಿದಿದ್ದಾರೆ' ಎಂದಿತ್ತು. ಕೆಳಗೆ ನನ್ನ ಸಹಿಗೆ ಜಾಗ.

"ಇದು ಸುಳ್ಳು ಸರ್. ನಾನೇ ಇಳೀರಿ ಅಂದಿದ್ದು."

"ಶೈಲಜಾ, ರಿಟೈರ್ ಆಗೋಕೆ ಎಂಟು ತಿಂಗಳಿದೆ. ಯಾಕೆ ಮೈಮೇಲೆ ಎಳ್ಕೋತೀರಿ? ಅವನಿಗೂ ನಾವು ಏನೋ ಒಂದು ಮಾಡೋಣ."

ದಿನೇಶ್ ಸರ್ ಕೆಟ್ಟವರಲ್ಲ. ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು, ಅದೇ ಕಷ್ಟವಾಗಿದ್ದು. ಒಪ್ಪಿಬಿಡುವ ಮನಸ್ಸು ಒಂದು ಗಳಿಗೆ ಬಂತು ಎನ್ನುವುದನ್ನೂ ಇಲ್ಲಿ ಬರೆಯಲೇಬೇಕು. ಆಮೇಲೆ ಕರಡಿನ ಆ ಸಾಲು ಹೊಡೆದುಹಾಕಿ, ಮೇಲೆ ಬರೆದೆ: 'ನಾನು ಇಳಿಸಿದೆ.' ನೋಟ್‌ಪುಸ್ತಕದ ಪುಟದ ಪ್ರತಿ ಲಗತ್ತಿಸಿದೆ. ಅದರಿಂದ ನನಗೆ ಆದದ್ದು ಒಂದು ಮೆಮೊ. ಇಮ್ತಿಯಾಜನಿಗೆ ಆದದ್ದು, ಚಿಕಿತ್ಸೆ ಪೂರ್ತಿ ಕಂಪನಿಯ ಹೊಣೆ ಎಂಬ ಪತ್ರ.

ಆ ಪತ್ರ ಹಿಡಿದು ಆರ್.ಟಿ. ನಗರದ ಅವನ ಮನೆಗೆ ಹೋದೆ. ಮಂಚದ ಮೇಲೆ ಕೂತು ಎಡಗೈಯಲ್ಲಿ ಅನ್ನ ಕಲಸಲು ಕಲಿಯುತ್ತಿದ್ದ. ಮೂರು ನಿಮಿಷದ ಕತೆ ಹೇಳಿದೆ. ತಟ್ಟೆ ಪಕ್ಕಕ್ಕಿಟ್ಟ.

"ನಾನೂ ಟೆಸ್ಟರ್ ಹಾಕ್ದೆ ಅಲ್ವಾ ಮೇಡಂ," ಎಂದ. "ಅದೂ ಸುಳ್ಳು ಹೇಳ್ಲಿಲ್ಲ. ಆವಾಗ ಇರ್ಲಿಲ್ಲ. ಆಮೇಲೆ ಬಂತು."

ಅವನ ಹೆಂಡತಿ ಶಬಾನಾ ಚಹಾ ತಂದು ನನ್ನ ಮುಂದೆ ಹಿಡಿದಳು. ಕೊಡಲಿಲ್ಲ, ಹಿಡಿದೇ ಇದ್ದಳು. "ಫ್ಯಾನ್ ಆನ್ ಆದ್ರೂ ಇವ್ರು ಬೆಚ್ಚಿ ಎದ್ದು ಕೂರ್ತಾರೆ ಮೇಡಂ. ನಿಮಗೆ ನಿದ್ದೆ ಬರುತ್ತಾ?"

"ಬರಲ್ಲಮ್ಮ."

"ಬರಬಾರ್ದು," ಎಂದು ಲೋಟ ಕೈಗಿಟ್ಟಳು.

ನಿಜಕ್ಕೂ ಬರುತ್ತಿರಲಿಲ್ಲ. ಗಂಗಾನಗರದ ನಮ್ಮ ಮನೆಯ ಎದುರಿನ ಅಪಾರ್ಟ್‌ಮೆಂಟಿನಲ್ಲೂ ಜನರೇಟರ್ ಇದೆ. ಕರೆಂಟ್ ಹೋದರೆ ಸಾಕು, ಕತ್ತಲೆಯಲ್ಲಿ ಎದ್ದು ಕೂತು ಒಂದು, ಎರಡು ಎಂದು ಎಣಿಸುತ್ತಿದ್ದೆ. ನೂರೆಂಬತ್ತು. ಕರೆಂಟ್ ಹೋಗದ ರಾತ್ರಿ, ಈಗ ಹೋಗಬಹುದು ಎಂದು ಕಾಯುತ್ತಿದ್ದೆ. ನನ್ನ ಯಜಮಾನರು ಮೊದಮೊದಲು ಸಮಾಧಾನ ಹೇಳಿದರು, ಆಮೇಲೆ ಸುಮ್ಮನೆ ಎದ್ದು ನೀರು ಕೊಡತೊಡಗಿದರು.

ಐದು ತಿಂಗಳ ಮೇಲೆ ಇಮ್ತಿಯಾಜ್ ಕೆಲಸಕ್ಕೆ ಬಂದ. ಬಂದವನೇ, "ಮೇಡಂ, ನಮ್ ಕಟ್ಟಡದಲ್ಲಿ ಎಲ್ಲಾನೂ ತಾನೇ ಆನ್ ಆಗುತ್ತೆ. ಎಲ್ಲಾನೂ ಆಫ್ ಮಾಡೋದು ಎಲ್ಲಿದೆ?" ಎಂದ.

ಎಲ್ಲೂ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನನಗೆ ಆ ಪ್ರಶ್ನೆಯೇ ಬಂದಿರಲಿಲ್ಲ. ಈ ಕೆಲಸಕ್ಕೆ ಸೇರುವವರು ಇದೊಂದನ್ನು ಕೇಳಿಕೊಳ್ಳಿ. ನಿಮ್ಮ ಯಂತ್ರ ನಿಲ್ಲದಂತೆ ನೋಡಿಕೊಳ್ಳುವುದನ್ನು ಎಲ್ಲರೂ ಕಲಿಸುತ್ತಾರೆ. ನಿಲ್ಲಿಸಬೇಕಾದ ದಿನ ನಿಲ್ಲಿಸಲು ಆಗುತ್ತದೆಯೇ, ನಿಲ್ಲಿಸಿದ್ದು ನಿಂತೇ ಇರುತ್ತದೆಯೇ ಎಂದು ಪರೀಕ್ಷಿಸಿ ನೋಡಿ. ಪರದೆಯ ಹಸಿರು ಬಣ್ಣ, ಟೆಸ್ಟರಿನ ಆರಿದ ದೀಪ, ಎರಡೂ ಹೇಳುವುದು ಆ ಗಳಿಗೆಯ ಮಾತು ಮಾತ್ರ.

ಅವನೇ ಮಾಡಿದ. ಬೇಸ್‌ಮೆಂಟಿನ ಇಳಿಜಾರಿನ ತಲೆಯಲ್ಲಿ, ಎದೆಯ ಎತ್ತರಕ್ಕೆ, ಒಂದು ಕೆಂಪು ಹಿಡಿ. ಅದನ್ನು ತಿರುಗಿಸಿದರೆ ಮೇನ್, ಯುಪಿಎಸ್, ಜನರೇಟರ್ ಮೂರೂ ಒಟ್ಟಿಗೆ ನಿಲ್ಲಬೇಕು. ಹಿಡಿಗೆ ಒಂದು ಬೀಗ. ಬೀಗ ಹಾಕಿದರೆ ಬೇರೆ ಯಾರೂ ಆನ್ ಮಾಡಲಾಗದು. ಎರಡು ಬೆರಳಿಗೆ ಸ್ಪರ್ಶವಿಲ್ಲದ್ದರಿಂದ ತಿರುಪು ಕೆಳಗೆ ಬೀಳುತ್ತಿತ್ತು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಎತ್ತಿಕೊಟ್ಟೆ.

ನನ್ನ ಕೊನೆಯ ತಿಂಗಳಿನ ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆ. ದಿನೇಶ್ ಸರ್ ಒಪ್ಪಿದ್ದು ಒಂದು ಗಂಟೆಗೆ. ನಾನು ಸರ್ವರ್‌ಗಳನ್ನು ಒಂದೊಂದಾಗಿ ಕ್ರಮವಾಗಿ ಮಲಗಿಸಿದೆ. ನಿಲ್ಲದೆ ಓಡಿದ ದಿನಗಳ ಎಣಿಕೆ ಪರದೆಯಿಂದ ಅಳಿಸಿಹೋಯಿತು. ಕೆಳಗಿಳಿದು ಬಂದು ಕೆಂಪು ಹಿಡಿ ತಿರುಗಿಸಿದೆ. ಕಟ್ಟಡ ಉಸಿರು ಬಿಟ್ಟಂತೆ ಸುಮ್ಮನಾಯಿತು. ಫ್ಯಾನಿಲ್ಲ, ಎಸಿಯಿಲ್ಲ, ಯುಪಿಎಸ್ಸಿನ ಕೀರಲು ಸದ್ದಿಲ್ಲ. ಪಕ್ಕದ ಮನೆಯಲ್ಲಿ ಮುನಿಶಾಮಣ್ಣನವರ ತಾಯಿ ಯಾರನ್ನೋ ಬೈಯುತ್ತಿದ್ದದ್ದು ಸ್ಪಷ್ಟವಾಗಿ ಕೇಳಿಸಿತು.

ಇಮ್ತಿಯಾಜ್ ಟೆಸ್ಟರ್ ಹಾಕಿ ನೋಡಿದ. ಚಪ್ಪಲಿ ಬಿಡಲು ಬಗ್ಗಿದ. "ನಾನು ಇಳೀತೀನಿ ಮೇಡಂ."

"ನೀವಲ್ಲ," ಎಂದೆ.

ಅವನು ನನ್ನ ಮುಖ ನೋಡಿದ. ಹಿಡಿಗೆ ಬೀಗ ಹಾಕಿ, ಕೀಲಿ ತೆಗೆದು, ನನ್ನ ಅಂಗೈಯಲ್ಲಿಟ್ಟ. "ಹಾಗಾದ್ರೆ ಇದು ನಿಮ್ಮತ್ರ ಇರ್ಲಿ. ಇಳಿಯೋರ ಕೈಲಿರ್ಬೇಕು ಇದು. ಡ್ರಾಯರಲ್ಲಿ ಅಲ್ಲ."

ಕೀಲಿಯನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು ಇಳಿದೆ. ಮೂಲೆಯ ಗುಂಡಿಯಲ್ಲಿ ಒಂದು ಗೇಣು ನೀರಿತ್ತು. ಕೂತು, ನೀರೊಳಗೆ ಕೈ ಇಳಿಸಿ, ಪಂಪಿನ ಮೈ ಹಿಡಿದುಕೊಂಡೆ. ತಣ್ಣಗಿತ್ತು.

ಮೇಲಿನಿಂದ ಇಮ್ತಿಯಾಜ್ ಗಡಿಯಾರ ನೋಡಿ ಕೂಗುತ್ತಿದ್ದ. "ಒಂದು ನಿಮಿಷ ಮೇಡಂ." "ಎರಡು." ನಾನು ಕಣ್ಣು ಮುಚ್ಚಿದೆ. "ಮೂರು!"

ಮೂರು ಆಯಿತು. ಏನೂ ಕೆಮ್ಮಲಿಲ್ಲ.

"ಬರ್ಬೇಕಿದ್ರೆ ಇಷ್ಟೊತ್ತಿಗೆ ಬಂದಿರ್ತಿತ್ತು ಅಂತ ನಾನು ಹೇಳಲ್ಲ," ಎಂದು ಕೂಗಿದ. ದನಿಯಲ್ಲಿ ಹಳೆಯ ನಗೆ ಇತ್ತು. "ಇನ್ನೂ ಕೂತಿರಿ."

"ಏನಪ್ಪಾ, ಆ ಯಮ್ಮನ್ನ ಎಷ್ಟೊತ್ತು ಗುಂಡೀಲಿ ಕೂರಿಸ್ತೀಯ?" ಎಂದು ಮುನಿಶಾಮಣ್ಣ ಗೋಡೆಯಾಚೆಯಿಂದ ಕೇಳಿದರು.

"ನಂಗೆ ಸಮಾಧಾನ ಆಗೋವರ್ಗೂ ಅಣ್ಣ!"

ನಾಲ್ಕು ಎಂದ. ಐದು ಎಂದ. ಹತ್ತು ಎಂದ. ಆಮೇಲೆ ಎಣಿಸುವುದನ್ನು ಬಿಟ್ಟು ಇಳಿಜಾರಿನ ಮೇಲೆ ಕೂತ. ನಾನೂ ಕೂತಿದ್ದೆ. ಪಂಪಿನ ಕಬ್ಬಿಣ ನನ್ನ ಅಂಗೈಯಷ್ಟೇ ಬೆಚ್ಚಗಾಗಿತ್ತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೊನೆಗೆ, "ಬನ್ನಿ ಮೇಡಂ, ಸಾಕು," ಎಂದು ಎಡಗೈ ಚಾಚಿದ.

ಅವತ್ತು ಮನೆಗೆ ಹೋಗಿ ಉಂಡು ಮಲಗಿದೆ. ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಮಂಚದ ಕಾಲಿಗೆ ಬಂದಿತ್ತು. ಏಳೂವರೆ ದಾಟಿತ್ತು. ನನ್ನ ಯಜಮಾನರು ಎರಡನೇ ಸಲ ಬಿಸಿ ಮಾಡಿದ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ರಾತ್ರಿ ಕರೆಂಟ್ ಹೋಗಿತ್ತು," ಎಂದರು. "ಎದುರುಗಡೆ ಜನರೇಟರ್ ಎರಡು ಗಂಟೆ ಓಡ್ತು. ನೀನು ಏಳ್ತೀಯ ಅಂತ ನೀರು ಹಿಡ್ಕೊಂಡು ಕೂತಿದ್ದೆ."